ಸಿಟ್ಟು, ಚಿಂತೆ ತುಂಬಿದ ಮನಸ್ಸಿನಲ್ಲಿ ಲಿಂಗಪೂಜೆ ಮಾಡಬಹುದೇ?

ಪ್ರಶ್ನೆ: ಅಪ್ಪಾರಿಗೆ ಶರಣು ಶರಣಾರ್ಥಿ. ನಾವು ಶಹಾಪುರ ತಾಲ್ಲೂಕಿನೋರು. ನಾಲ್ಕು ಎಕರೆ ಹೊಲ ಅದ. ಹೋದ ವರ್ಷ ಹತ್ತಿ ಬಿಡಿಸೋ ಹೊತ್ತಿಗೇ ಮಳಿ ಹಿಡದು ಕಾಯಿ ಎಲ್ಲಾ ಕೊಳತು ಹೋದ್ವು. ಸಾಲ ಹಂಗೇ ಉಳದದ. ನಮ್ಮ ಮನಿಯವರು ರಾತ್ರಿ ನಿದ್ದಿ ಮಾಡೂದಿಲ್ಲ, ಯಾರ ಕೂಡನೂ ಮಾತಾಡೂದಿಲ್ಲ. ನಾ ಮದುವಿ ಆದಾಗಿಂದ ದಿನಾ ಮುಂಜಾನಿ ಲಿಂಗಪೂಜಾ ಮಾಡ್ಕೋತ ಬಂದೀನಿ. ಈಗ ಪೂಜಿಗಿ ಕುಂತ್ರ ಸಾಲ ಕೊಟ್ಟೋರ ಮಾರಿನೇ ಕಣ್ಣ ಮುಂದ ಬರ್ತದ. ಜಪದ ಎಣಿಕಿ ತಪ್ತದ. ಸಣ್ಣ ಮಗ ಬಂದು "ಯವ್ವಾ" ಅಂದ್ರ ಸಾಕು, ಸಿಟ್ಟು ನೆತ್ತಿಗೇರ್ತದ. ನಮ್ಮತ್ತಿ "ಇಂಥ ಮನಸ್ಸಿಲೆ ಲಿಂಗ ಮುಟ್ಟಬ್ಯಾಡ, ಪಾಪ ಬರ್ತದ. ಮೊದಲ ಮನಸ್ಸು ಸಮಾಧಾನ ಮಾಡ್ಕೊ" ಅಂತಾರ. ಮೂರು ವಾರ ಆಯ್ತು, ಲಿಂಗ ಕೊರಳಾಗದ, ಪೂಜಿ ನಿಂತದ. ಊರಾಗ ಒಬ್ರು "ಮನಿಗಿ ಶಾಂತಿ ಮಾಡಸ್ರಿ, ಹದಿನೈದು ಸಾವಿರ ಖರ್ಚಾಗ್ತದ" ಅಂತ ಹೇಳ್ಯಾರ. ಮಾಡಸಬೇಕೇನ್ರಿ? ಪೂಜಿ ಮತ್ತ ಯಾವಾಗ ಶುರು ಮಾಡ್ಲಿ? ನನ್ನ ಹೆಸರು ಹಾಕಬ್ಯಾಡ್ರಿ.
— ಒಬ್ಬ ಓದುಗ ತಾಯಿ, ಶಹಾಪುರ ತಾಲ್ಲೂಕು

ಉತ್ತರ: ತಾಯಿ, ನಿಮಗೂ ಶರಣು. ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇವೆ. ನಾಳೆ ಮುಂಜಾನೆಯೇ ಶುರು ಮಾಡಿರಿ. ಮನಸ್ಸು ಸಮಾಧಾನ ಆಗುವ ತನಕ ಕಾಯಬೇಡಿರಿ. ಸಾಲದ ಮೇಲೆ ಸಾಲ ಮಾಡಿ ಶಾಂತಿ ಮಾಡಿಸಬೇಡಿರಿ. ಯಾಕೆ ಎಂಬುದನ್ನು ಒಂದೊಂದಾಗಿ ನೋಡೋಣ. ಇದು ನಿಮ್ಮೊಬ್ಬರ ಪ್ರಶ್ನೆಯಲ್ಲ. ಮನೆಯಲ್ಲಿ ಕಾಯಿಲೆ, ಮಕ್ಕಳ ನೌಕರಿ, ಅಣ್ಣ ತಮ್ಮಂದಿರ ಜಗಳ ಎಂದು ಒಂದಿಲ್ಲೊಂದು ತಾಪತ್ರಯದಲ್ಲಿ ಇರುವವರೆಲ್ಲರ ಪ್ರಶ್ನೆ.

ಚಿಂತೆ ಸೂತಕವಲ್ಲ

ನಿಮ್ಮ ಅತ್ತೆಯವರ ಮಾತಿನಲ್ಲಿ ಲಿಂಗದ ಮೇಲಿನ ಗೌರವವಿದೆ. ಆ ಗೌರವಕ್ಕೆ ಕೈ ಮುಗಿಯೋಣ. ಆದರೆ ಆಚಾರದ ಲೆಕ್ಕದಲ್ಲಿ ಆ ಮಾತು ನಿಲ್ಲುವುದಿಲ್ಲ. ಲೋಕದ ರೂಢಿಯಲ್ಲಿ ಪೂಜೆಗೆ ಅಡ್ಡಿ ಎಂದು ಎಣಿಸುವ ಸೂತಕಗಳು ಐದು: ಜನನ, ಮರಣ, ರಜಸ್ಸು, ಎಂಜಲು, ಜಾತಿ. ಲಿಂಗ ಧರಿಸಿದವರಿಗೆ ಈ ಐದೂ ಇಲ್ಲವೆಂದು ಶರಣರು ತೆಗೆದುಹಾಕಿದರು. ಮನೆಯಲ್ಲಿ ಹೆಣ ಇದ್ದಾಗಲೂ ಲಿಂಗಕ್ಕೆ ನೀರೆರೆಯುವುದು ನಿಲ್ಲುವುದಿಲ್ಲ. ಸಾವು ಬಂದಾಗಲೇ ನಿಲ್ಲದ ಪೂಜೆ, ಸಾಲ ಬಂದಾಗ ಯಾಕೆ ನಿಲ್ಲಬೇಕು?

ಇನ್ನೊಂದು ಮಾತು. ಗುಡಿಯ ದೇವರ ಹತ್ತಿರ ಹೋಗುವುದಾದರೆ ಚಿಂತೆಯನ್ನು ಚಪ್ಪಲಿಯ ಹಾಗೆ ಹೊರಗೆ ಬಿಟ್ಟು ಹೋಗಬೇಕೆಂದು ಯಾರಾದರೂ ಹೇಳಬಹುದು. ಇಷ್ಟಲಿಂಗ ಹಾಗಲ್ಲ. ಅದು ಹಗಲೂ ರಾತ್ರಿ ನಿಮ್ಮ ಎದೆಯ ಮೇಲೆಯೇ ಇದೆ. ನೀವು ಹತ್ತಿ ಕೊಳೆತದ್ದನ್ನು ನೋಡಿ ಹೊಲದಲ್ಲಿ ನಿಂತಾಗ ಅಲ್ಲೇ ಇತ್ತು. ರಾತ್ರಿ ನಿದ್ದೆ ಬಾರದೆ ಮಗ್ಗಲು ಬದಲಿಸಿದಾಗಲೂ ಇತ್ತು. ನಿಮ್ಮ ಎದೆಬಡಿತ ಏರಿದ್ದು, ಇಳಿದದ್ದು ಅದಕ್ಕೆ ಮೊದಲೇ ಗೊತ್ತು. ಅದನ್ನು ಅಂಗೈಗೆ ತಂದುಕೊಂಡಾಗ ಮಾತ್ರ ಶಾಂತವಾದ ಮುಖ ತೋರಿಸಬೇಕು ಎಂದರೆ ಅದೆಂಥ ನಂಟು?

ಬಸವಣ್ಣನವರು ತಮ್ಮ ಮನಸ್ಸಿನ ಚಂಚಲತೆಯನ್ನು ವಚನಗಳಲ್ಲಿ ಮುಚ್ಚಿಡದೆ ಹೇಳಿಕೊಂಡಿದ್ದಾರೆ. ದೇವರ ಮುಂದೆಯೇ ದೂರಿಕೊಂಡಿದ್ದಾರೆ. ಅಂದರೆ ಓಡುವ ಮನಸ್ಸನ್ನು ಹೊತ್ತುಕೊಂಡೇ ಅವರು ಪೂಜೆಗೆ ಕುಳಿತರು.

'ಸಮಾಧಾನ' ಅಂದರೆ ಏನು?

ನಾವು ದಿನಾ ಆಡುವ ಮಾತು ಇದು. ಮಗು ಅತ್ತರೆ ಸಮಾಧಾನ ಮಾಡು ಅನ್ನುತ್ತೇವೆ. ಇದೇ ಪದಕ್ಕೆ ಸಂದೇಹಕ್ಕೆ ಕೊಡುವ ಉತ್ತರ ಎಂಬ ಅರ್ಥವೂ ಇದೆ. ಮೂಲದಲ್ಲಿ ಅದರ ಅರ್ಥ 'ಒಟ್ಟುಗೂಡಿಸಿ ಇಡುವುದು'. 'ಸಮಾಧಿ' ಎಂಬ ದೊಡ್ಡ ಮಾತೂ ಇದೇ ಧಾತುವಿನಿಂದ ಬಂದಿದೆ. ಹೀಗಾಗಿ ಸಮಾಧಾನ ಅಂದರೆ ಚಿಂತೆ ಇಲ್ಲದಿರುವುದು ಅಂತಲ್ಲ. ಚೆದುರಿದ್ದನ್ನು ತಂದು ಒಂದು ಕಡೆ ಇಡುವುದು. ರಾಶಿ ಮಾಡುವಾಗ ಕಣದ ಅಂಚಿಗೆ ಸಿಡಿದ ತೊಗರಿ ಕಾಳನ್ನು ಕಸಬರಿಗೆಯಿಂದ ನಡುವಿಗೆ ತರುತ್ತೀರಲ್ಲ, ಆ ಕೆಲಸ. ಅದು ಪೂಜೆಗೆ ಮೊದಲು ಮುಗಿದಿರಬೇಕಾದದ್ದಲ್ಲ. ಪೂಜೆಯ ಕೆಲಸವೇ ಅದು. "ಮೊದಲು ಸಮಾಧಾನ, ಆಮೇಲೆ ಪೂಜೆ" ಎಂದರೆ ಮೊದಲು ಜ್ವರ ಇಳಿಯಲಿ, ಆಮೇಲೆ ಔಷಧ ಕೊಡೋಣ ಎಂದ ಹಾಗೆ.

ಪೂಜೆಯ ಕ್ರಮದಲ್ಲೇ ಇರುವ ಉಪಾಯ

ಲಿಂಗಪೂಜೆಯ ವಿಧಿಯನ್ನು ಗಮನಿಸಿ ನೋಡಿರಿ. ಹೊರಗಿನಿಂದ ಒಳಗೆ, ಹೆಚ್ಚು ಚಲನೆಯಿಂದ ಕಡಿಮೆ ಚಲನೆಗೆ ಹೋಗುವ ಹಾಗೆ ಅದರ ಮೆಟ್ಟಿಲುಗಳಿವೆ. ಮನಸ್ಸು ಕಲಕಿದಾಗ ಒಂದೂ ಮೆಟ್ಟಿಲು ಹಾರಬೇಡಿರಿ. ಒಂದೊಂದನ್ನೂ ಸಾವಕಾಶ ಮಾಡಿರಿ.

1. ಜಳಕ. ಗಡಿಬಿಡಿಯಲ್ಲಿ ನಾಲ್ಕು ತಂಬಿಗೆ ಸುರುವಿಕೊಂಡು ಎದ್ದು ಬರಬೇಡಿರಿ. ಕೊನೆಯ ತಂಬಿಗೆಯನ್ನಾದರೂ ನಿಧಾನವಾಗಿ ಹಾಕಿಕೊಳ್ಳಿರಿ. ಮೈ ಮೊದಲು ನಿಧಾನವಾಗಲಿ. ಮನಸ್ಸು ಅದರ ಹಿಂದೆ ಬರುತ್ತದೆ.

2. ಆಸನ. ದಿನಾ ಒಂದೇ ಜಾಗ, ಒಂದೇ ಚಾಪೆ ಅಥವಾ ಕಂಬಳಿ. ಬೆನ್ನು ನೆಟ್ಟಗಿರಲಿ. ಮೊಣಕಾಲು ನೋವಿದ್ದರೆ ಗೋಡೆಗೆ ಒರಗಿರಿ, ಇಲ್ಲವೇ ಕುರ್ಚಿಯ ಮೇಲೆ ಕೂಡಿರಿ. ಅದರಲ್ಲಿ ದೋಷವಿಲ್ಲ.

3. ವಿಭೂತಿ. ಮೂರು ಬೆರಳಿನಿಂದ ಹಣೆಯ ಮೇಲೆ ಎಳೆಯುವಾಗ ಒಂದು ಎಳೆತಕ್ಕೆ ಒಂದು ಉಸಿರು ಬಿಡಿರಿ. ಕೊರಳು, ಎದೆ, ತೋಳು ಎಲ್ಲ ಕಡೆಯೂ ಹಾಗೆಯೇ. ಉಸಿರು ಒಳಗೆ ಎಳೆಯುವಾಗ ಎದೆಬಡಿತ ತುಸು ಚುರುಕಾಗುತ್ತದೆ, ಬಿಡುವಾಗ ತುಸು ನಿಧಾನವಾಗುತ್ತದೆ. ಇದು ಶರೀರದ ಧರ್ಮ. ಬಿಡುವ ಉಸಿರನ್ನು ಉದ್ದ ಮಾಡಿದಷ್ಟೂ ಮೈ ಸಡಿಲಾಗುತ್ತದೆ. ವಿಭೂತಿ ಹಚ್ಚಿ ಮುಗಿಯುವುದರೊಳಗೆ ಹತ್ತು ಹನ್ನೆರಡು ಉದ್ದ ಉಸಿರು ಆಗಿರುತ್ತವೆ.

4. ಅಭಿಷೇಕ, ಪತ್ರಿ, ಹೂವು. ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ನೀರೆರೆದು, ವಸ್ತ್ರದಿಂದ ಒರೆಸಿ, ವಿಭೂತಿ ಧರಿಸಿ, ಪತ್ರಿ ಹೂವು ಏರಿಸಿರಿ. ಹೂವಿಲ್ಲದಿದ್ದರೆ ನೀರು, ವಿಭೂತಿ ಸಾಕು. ಈ ಹೊತ್ತಿನಲ್ಲಿ ಕೈಗೆ ಕೆಲಸವಿದೆ. ಚಿಂತೆ ಬಂದರೂ ಕೈ ನಿಮ್ಮನ್ನು ಲಿಂಗಕ್ಕೆ ಎಳೆದು ತರುತ್ತದೆ.

5. ದೃಷ್ಟಿ. ಅಂಗೈಯನ್ನು ಕಣ್ಣಿಗೆ ತ್ರಾಸಾಗದಷ್ಟು ದೂರದಲ್ಲಿ ಹಿಡಿದು, ಲಿಂಗದ ಕಪ್ಪು ಕಂತಿಯ ಮೇಲೆ ಹೊಳೆಯುವ ದೀಪದ ಬೆಳಕಿನ ಚುಕ್ಕೆಯನ್ನು ನೋಡಿರಿ. ಕಣ್ಣು ಮುಚ್ಚಿದರೆ ಸಾಲ ಕೊಟ್ಟವರ ಮುಖ ಕಾಣುತ್ತದೆ ಎಂದು ಬರೆದಿದ್ದೀರಿ. ಹಾಗಿದ್ದರೆ ಮುಚ್ಚಬೇಡಿರಿ. ಅರೆತೆರೆದ ಕಣ್ಣಿನಿಂದ ನೋಡುವುದೇ ಲಿಂಗಪೂಜೆಯ ಪದ್ಧತಿ. ಕಲಕಿದ ಮನಸ್ಸಿಗೆ ಕತ್ತಲೆಗಿಂತ ಒಂದು ಗುರುತು ಒಳ್ಳೆಯದು. ಕಣ್ಣಲ್ಲಿ ನೀರು ಬಂದರೆ ರೆಪ್ಪೆ ಬಡಿಯಿರಿ, ಹಟ ಬೇಡ.

6. ಜಪ. ನಮಃ ಶಿವಾಯ ಎಂಬುದು ಐದು ಅಕ್ಷರ, ಓಂಕಾರ ಸೇರಿದರೆ ಆರು. ಒಂದು ಉಸಿರಿಗೆ ಒಂದು ಸಲ ಅನ್ನಿರಿ. ಒಂದು ಜಪಕ್ಕೆ 10 ಸೆಕೆಂಡು ಹಿಡಿದರೆ 108ಕ್ಕೆ 18 ನಿಮಿಷ ಬೇಕು. ನೀರು ಹಿಡಿಯುವುದು, ಒಲೆ, ಮಕ್ಕಳ ಶಾಲೆ ಇರುವ ತಾಯಂದಿರಿಗೆ ದಿನಾ ಅಷ್ಟು ಆಗದು. ಅಂಥ ದಿನ 27 ಮಾಡಿರಿ. ನಾಲ್ಕೂವರೆ ನಿಮಿಷ. ಓಡುತ್ತಾ ಹೇಳಿದ 108ಕ್ಕಿಂತ ನಿಂತು ಹೇಳಿದ 27 ಒಳ್ಳೆಯದು.

7. ಮೌನ. ಜಪ ಮುಗಿದ ಕೂಡಲೇ ಏಳಬೇಡಿರಿ. ಏನನ್ನೂ ಬೇಡದೆ, ಏನನ್ನೂ ಅನ್ನದೆ ಹತ್ತು ಉಸಿರು ಸುಮ್ಮನೆ ಕೂಡಿರಿ. ಆಮೇಲೆ ಪಾದೋದಕ, ಪ್ರಸಾದ.

ಷಟ್‌ಸ್ಥಲದಲ್ಲಿ ಭಕ್ತ, ಮಹೇಶ, ಪ್ರಸಾದಿ ಆದ ಮೇಲೆ ನಾಲ್ಕನೆಯದು ಪ್ರಾಣಲಿಂಗಿ ಸ್ಥಲ. ಅಂಗೈಯಲ್ಲಿ ಇರುವ ಲಿಂಗವನ್ನೇ ಪ್ರಾಣದಲ್ಲಿ, ಅಂದರೆ ಉಸಿರಿನಲ್ಲಿ ಕಾಣುವ ಹಂತ ಅದು. ಸಾಧಕರಿಗೆ ಅದು ದೊಡ್ಡ ಮಾತು. ಆದರೆ ಅದರ ಹೊಸ್ತಿಲು ಈ ಹತ್ತು ಉಸಿರಿನಲ್ಲೇ ಇದೆ.

ಎಣಿಕೆ ತಪ್ಪಿದರೆ?

ಮೊದಲಿನಿಂದ ಮಾಡಬೇಕಿಲ್ಲ. ನಿಮ್ಮ ನಾಡಿನವರೇ ಆದ ದೇವರ ದಾಸಿಮಯ್ಯನವರನ್ನು ನೆನೆಯಿರಿ. ಸುರಪುರ ಸೀಮೆಯ ಮುದನೂರು ಅವರ ಊರು. ಬಸವಣ್ಣನವರಿಗಿಂತ ಹಿರಿಯರು, ಕಾಯಕದಿಂದ ನೇಕಾರರು. ಮಗ್ಗದ ಮೇಲೆ ಕೂತವರಿಗೆ ಎಳೆ ಹರಿಯುವುದು ದಿನದ ಮಾತು. ಹಾಸಿನ ಒಂದು ಎಳೆ ಹರಿದರೆ ನೇಕಾರ ಸೀರೆಯನ್ನೇ ಬಿಚ್ಚಿ ಮೊದಲಿನಿಂದ ನೇಯುವುದಿಲ್ಲ. ಎಳೆಯ ಮೇಲೆ ಸಿಟ್ಟೂ ಮಾಡುವುದಿಲ್ಲ. ಲಾಳಿ ನಿಲ್ಲಿಸಿ, ಹರಿದ ಎರಡು ತುದಿ ಹುಡುಕಿ, ಗಂಟು ಹಾಕಿ, ಮುಂದೆ ನೇಯುತ್ತಾನೆ. ಜಪದಲ್ಲೂ ಅಷ್ಟೇ. ಮನಸ್ಸು ಸಾಲದ ಕಡೆ ಹೋಯಿತು ಎಂದು ಗೊತ್ತಾದ ಕ್ಷಣವೇ ತುದಿ ಸಿಕ್ಕಿತು. ಮುಂದಿನ ಮಣಿ ಹಿಡಿಯಿರಿ. 27 ಜಪದಲ್ಲಿ 20 ಸಲ ಮನಸ್ಸು ಓಡಿ, 20 ಸಲ ತಿರುಗಿ ಬಂದರೆ ಅದು ಕೆಟ್ಟ ಪೂಜೆಯಲ್ಲ. ತಿರುಗಿ ಬರುವುದನ್ನು 20 ಸಲ ಕಲಿತಂತೆ.

ನಡುವೆ ಮಗು ಕರೆದರೆ?

ಇದು ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು. ಪೂಜೆಗೆ ಅಡ್ಡಿಯಾಯಿತೆಂದು ಮಗುವಿನ ಮೇಲೆ ಸಿಟ್ಟು ಬರುವುದು ಬಹಳ ಮನೆಗಳಲ್ಲಿದೆ. ಆದರೆ ಅಷ್ಟಾವರಣದಲ್ಲಿ ಗುರು, ಲಿಂಗದ ಮಗ್ಗಲಲ್ಲೇ ಜಂಗಮವೂ ಇದೆ. ಬಾಗಿಲಿಗೆ ಬಂದ ಜಂಗಮನಿಗೆ ಎದ್ದು ಹೋಗುವುದು ಪೂಜೆಯನ್ನು ಬಿಟ್ಟ ಹಾಗಲ್ಲ ಎಂದು ಒಪ್ಪುತ್ತೇವೆ. ಹಸಿದು ಬಂದು "ಯವ್ವಾ" ಎನ್ನುವ ಮಗುವೂ ಜೀವಂತ ಕರೆಯೇ. ಲಿಂಗಕ್ಕೆ ಶರಣೆಂದು ಕರಡಿಗೆಯಲ್ಲಿ ಇಟ್ಟು, ಎದ್ದು ಹೋಗಿ, ಮಗುವಿನ ಕೆಲಸ ನೋಡಿ ಬಂದು, ಬಿಟ್ಟಲ್ಲಿಂದ ಮುಂದುವರಿಸಿರಿ. ಆ ಹೊತ್ತಿನಲ್ಲಿ ಸಿಟ್ಟು ಬಂದರೆ ಎದ್ದು ನಿಲ್ಲುವ ಮೊದಲು ಒಂದು ಉದ್ದ ಉಸಿರು ಬಿಡಿರಿ. ಅದೂ ಜಪವೇ.

ಮಗ ತಿಳಿಯುವ ವಯಸ್ಸಿನವನಿದ್ದರೆ ಮಗ್ಗಲಲ್ಲಿ ಕೂಡಿಸಿಕೊಳ್ಳಿರಿ. ಅವನ ಹಣೆಗೂ ವಿಭೂತಿ ಹಚ್ಚಿ ಐದು ಜಪ ಹೇಳಿಸಿರಿ. ಪೂಜೆಯ ಹೊತ್ತು ಅಂದರೆ ಅವ್ವ ಬೈಯುವ ಹೊತ್ತು ಎಂದು ಅವನಿಗೆ ಅನ್ನಿಸಬಾರದು. ಫೋನ್ ಮಾತ್ರ ಬೇರೆ ಕೋಣೆಯಲ್ಲಿ ಇರಲಿ. ಸಾಲ ಕೊಟ್ಟವರಿಗೆ ಹತ್ತು ನಿಮಿಷ ಬಿಟ್ಟು ಉತ್ತರ ಕೊಟ್ಟರೆ ಏನೂ ಕೆಡುವುದಿಲ್ಲ.

ಹದಿನೈದು ಸಾವಿರದ ಶಾಂತಿ ಬೇಕೇ?

ಬೇಡ ತಾಯಿ. ಇಷ್ಟಲಿಂಗ ಪೂಜೆಯನ್ನು ನಮಗಾಗಿ ಇನ್ನೊಬ್ಬರು ಮಾಡಲು ಬರುವುದಿಲ್ಲ. ಊಟ, ನಿದ್ದೆಯ ಹಾಗೆ ಅದು ನಾವೇ ಮಾಡಬೇಕಾದದ್ದು. ಮನೆಯ ಅಶಾಂತಿಗೆ ಕಾರಣ ಸಾಲ. ಆ ಸಾಲವನ್ನು ಇನ್ನೂ 15,000 ರೂಪಾಯಿ ಹೆಚ್ಚು ಮಾಡಿದರೆ ಶಾಂತಿ ಎಲ್ಲಿಂದ ಬರಬೇಕು? ಮೂರು ವಾರ ಪೂಜೆ ನಿಂತದ್ದಕ್ಕೂ ದಂಡ, ಪ್ರಾಯಶ್ಚಿತ್ತ ಏನೂ ಇಲ್ಲ. ಮತ್ತೆ ಕೂಡುವುದೇ ಪ್ರಾಯಶ್ಚಿತ್ತ. ಮನಸ್ಸಿಗೆ ಅಳುಕು ಉಳಿದರೆ ನಿಮ್ಮ ಗುರುಮನೆಗೆ ಹೋಗಿ ಶರಣು ಮಾಡಿ ಬನ್ನಿರಿ, ಇಲ್ಲವೇ ಶಹಾಪುರದ ಚರಬಸವೇಶ್ವರ ಗದ್ದುಗೆಗೆ ಹೋಗಿ ಒಂದು ಗಳಿಗೆ ಕೂತು ಬನ್ನಿರಿ. ಒಂದು ಕಾಯಿ, ಎರಡು ಊದಿನಕಡ್ಡಿ ಸಾಕು.

ಪೂಜೆಯಾದ ಮೇಲೆ ಕಾಯಕ. ಮನಸ್ಸು ತಿಳಿಯಾಗಿರುವ ಆ ಹೊತ್ತಿನಲ್ಲಿ ಒಂದು ಹಾಳೆ ತೆಗೆದುಕೊಂಡು ಸಾಲದ ಲೆಕ್ಕ ಬರೆಯಿರಿ. ಯಾರದು ಎಷ್ಟು, ಬಡ್ಡಿ ಎಷ್ಟು, ಯಾವುದು ಮೊದಲು ಎಂದು ಗಂಡ ಹೆಂಡತಿ ಕೂಡಿ ಬರೆಯಿರಿ. ಶಹಾಪುರದ ಗುಡ್ಡಗಳ ಸಾಲನ್ನು ನೋಡಿದ್ದೀರಿ. ದೂರದ ರಸ್ತೆಯಿಂದ ನೋಡಿದರೆ ಬುದ್ಧ ಅಂಗಾತ ಮಲಗಿದ ಹಾಗೆ ಕಾಣುತ್ತದೆ. ಗುಡ್ಡದೊಳಗೆ ಹೊಕ್ಕವರಿಗೆ ಬಂಡೆಗಲ್ಲು, ಮುಳ್ಳುಕಂಟಿ ಬಿಟ್ಟು ಏನೂ ಕಾಣುವುದಿಲ್ಲ. ಸಾಲವೂ ತಲೆಯೊಳಗೆ ಇರುವ ತನಕ ಬರೀ ಮುಳ್ಳು. ಹಾಳೆಯ ಮೇಲೆ ಬಂದಾಗ ಅದಕ್ಕೊಂದು ಆಕಾರ ಬರುತ್ತದೆ, ಒಂದು ಕೊನೆಯೂ ಕಾಣುತ್ತದೆ. ಆ ಹಾಳೆ ಹಿಡಿದು ಬ್ಯಾಂಕಿಗೆ, ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೇಳಿರಿ. ಬೆಳೆ ವಿಮೆ ಕಟ್ಟಿದ್ದರೆ ಅದನ್ನೂ ವಿಚಾರಿಸಿರಿ. ದೇವರ ಮೇಲೆ ಭಾರ ಹಾಕುವುದು ಅಂದರೆ ಕೈಯಲ್ಲಿರುವ ಕೆಲಸ ಬಿಡುವುದಲ್ಲ.

ನಿಮ್ಮ ಮನೆಯವರ ಬಗ್ಗೆ

ನಿದ್ದೆ ಇಲ್ಲ, ಮಾತಿಲ್ಲ ಎಂದು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಾವು ಅಲ್ಲಿ ನಿಂತೆವು. ಇದನ್ನು ಪೂಜೆಯೊಂದಕ್ಕೇ ಬಿಡಬಾರದು. ಎರಡು ವಾರಕ್ಕಿಂತ ಹೆಚ್ಚು ದಿನ ನಿದ್ದೆ, ಊಟ, ಮಾತು ಬಿಟ್ಟವರನ್ನು ವೈದ್ಯರಿಗೆ ತೋರಿಸಬೇಕು. "ಸಾಕಾಗ್ಯದ", "ನಾ ಇರಬಾರದು" ಎಂಬಂಥ ಮಾತು ಬಂದರೆ ಆ ದಿನವೇ ತೋರಿಸಬೇಕು. ಒಬ್ಬರನ್ನೇ ಬಿಡಬೇಡಿರಿ, ಹೊಲದ ಔಷಧಿ ಡಬ್ಬಿಗಳನ್ನು ಕೈಗೆ ಸಿಗದ ಹಾಗೆ ಕೀಲಿ ಹಾಕಿ ಇಡಿರಿ. 14416 ಸರಕಾರದ ಟೆಲಿ ಮಾನಸ್ ಸಂಖ್ಯೆ. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನಸ್ಸಿಗೆ ಔಷಧ ತೆಗೆದುಕೊಳ್ಳುವುದು ಭಕ್ತಿಗೆ ಕಡಿಮೆಯಲ್ಲ. ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗಿ ಪೂಜೆಗೆ ಕೂಡುವುದಿಲ್ಲವೇ?

ದಾಸಿಮಯ್ಯನವರ ಮಡದಿ ದುಗ್ಗಳೆ. ಅವರಿಬ್ಬರೂ ಕೂಡಿಯೇ ಭಕ್ತಿ ಮಾಡಿದವರು. ನೀವೂ ಸಂಜೆ ದೀಪ ಹಚ್ಚಿದ ಮೇಲೆ ಯಜಮಾನರನ್ನು ಮಗ್ಗಲಲ್ಲಿ ಕೂಡಿಸಿಕೊಳ್ಳಿರಿ. ಜಪ ಮಾಡು ಎಂದು ಒತ್ತಾಯ ಬೇಡ. ಅವರು ಸುಮ್ಮನೆ ಕೂಡಲಿ, ನೀವು ಮೆಲ್ಲಗೆ ಮಂತ್ರ ಹೇಳಿರಿ. ಹೊರಗೆ ಯಾರ ಮುಂದೂ ಹೇಳಲಾಗದ ಮಾತು ಅಲ್ಲಿ ಬರಬಹುದು. ಬಂದರೆ ಬುದ್ಧಿ ಹೇಳದೆ ಕೇಳಿರಿ.

ಬೇರೆ ಸಂಪ್ರದಾಯದ ಓದುಗರಿಗೆ

ಲಿಂಗಧಾರಿಗಳಲ್ಲದವರು ತಮ್ಮ ತಮ್ಮ ನಿತ್ಯವಿಧಿಯನ್ನೇ ಹೀಗೆ ಸಾವಕಾಶ ಮಾಡಬಹುದು. ಸಂಧ್ಯಾವಂದನೆಯಲ್ಲಿ ಪ್ರಾಣಾಯಾಮ ಇರುವುದೂ ಇದೇ ಕಾರಣಕ್ಕೆ. ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನು ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟೇ ಕಷ್ಟ ಎಂದು ಕೈ ಚೆಲ್ಲುತ್ತಾನೆ. ಕೃಷ್ಣನು ಅದು ಸುಲಭ ಎಂದು ಹೇಳುವುದಿಲ್ಲ. ಕಷ್ಟವೆಂದು ಒಪ್ಪಿಕೊಂಡೇ ಅಭ್ಯಾಸ, ವೈರಾಗ್ಯ ಎಂಬ ಎರಡು ದಾರಿ ತೋರಿಸುತ್ತಾನೆ. ಇನ್ನು ಕೃಷ್ಣಾ ನದಿಯ ದಂಡೆಯ ತಿಂಥಣಿಯಲ್ಲಿ ಮೌನೇಶ್ವರರಿಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಅವರ ಹೆಸರಿನಲ್ಲೇ ಮೌನವಿದೆ. ಸುಮ್ಮನೆ ಕೂಡುವುದಕ್ಕೆ ಜಾತಿ, ಮತದ ಅಡ್ಡಿಯಿಲ್ಲ.

ಕೊನೆಗೆ ಒಂದು ಎಚ್ಚರಿಕೆ. ಎಂಟು ದಿನ ಮಾಡಿ "ಶಾಂತಿ ಸಿಕ್ಕಿತೇ?" ಎಂದು ತೂಗಿ ನೋಡಬೇಡಿರಿ. ಕೊಡದ ನೀರು ತಿಳಿಯಾಯಿತೇ ಎಂದು ಘಳಿಗೆಗೊಮ್ಮೆ ಅಲ್ಲಾಡಿಸಿದರೆ ಅದು ತಿಳಿಯಾಗುವುದೇ ಇಲ್ಲ. ಕೆಲವು ದಿನ ಪೂಜೆಯ ಪೂರ್ತಿ ಅಳುವೇ ಬರಬಹುದು. ಬರಲಿ. ಲಿಂಗದ ಮೇಲೆ ಕಣ್ಣೀರು ಬಿದ್ದರೆ ದೋಷವೇ ಎಂದು ಕೇಳುವವರೂ ಇದ್ದಾರೆ. ದೋಷವಿಲ್ಲ, ವಸ್ತ್ರದಿಂದ ಒರೆಸಿ ಮುಂದುವರಿಸಿರಿ.

ಅತ್ತೆಯವರಿಗೆ ಈ ಪುಟವನ್ನು ಓದಿ ಹೇಳಿರಿ. ಜಗಳಕ್ಕಲ್ಲ, ಅವರೂ ನಿಮ್ಮ ಜೊತೆ ಕೂಡಲಿ ಎಂದು. ಒಂದು ತಿಂಗಳಾದ ಮೇಲೆ ಮನೆಯವರ ನಿದ್ದೆ ಹೇಗಿದೆ ಎಂದು ನಮಗೆ ಎರಡು ಸಾಲು ಬರೆಯಿರಿ. ಹೆಸರು ಬೇಡ, ಊರಿನ ಹೆಸರು ಸಾಕು. ಶರಣು.